ಮದ್ಯ ಸೇವಿಸಿ ವಾಹನ ಚಾಲನೆ: ಪೊಲೀಸ್ ತನಿಖೆಯ ಕ್ರಮ ಮತ್ತು ಸದಸ್ಯರು ತಿಳಿದಿರಬೇಕಾದ ಅಂಶಗಳು

ಜಾತ್ರೆ, ಮದುವೆ, ಸಂತೆಯ ದಿನಗಳಲ್ಲಿ ಪೊಲೀಸರು ವಾಹನ ತಪಾಸಣೆ ನಡೆಸಿದಾಗ ಮೊದಲ ದೂರವಾಣಿ ಕರೆ ಬರುವುದು ಬಹುತೇಕ ಗ್ರಾಮ ಪಂಚಾಯಿತಿ ಸದಸ್ಯರಿಗೇ. ‘ನಮ್ಮ ಹುಡುಗನನ್ನು ಹಿಡಿದಿದ್ದಾರೆ, ಒಂದು ಮಾತು ಹೇಳಿ’ ಎಂಬ ಕೋರಿಕೆಗೆ ಇಲ್ಲವೆನ್ನುವುದು ಜನಪ್ರತಿನಿಧಿಗೆ ಸುಲಭವಲ್ಲ. ಸಿಕ್ಕಿಬಿದ್ದವನ ಹಕ್ಕುಗಳೇನು, ಪೊಲೀಸರ ಅಧಿಕಾರದ ಮಿತಿ ಯಾವುದು, ಅಪಘಾತದಲ್ಲಿ ನೊಂದವರಿಗೆ ಯಾವುದರಿಂದ ಅನ್ಯಾಯವಾಗುತ್ತದೆ ಎಂಬುದು ತಿಳಿದಿದ್ದರೆ ಆ ಕರೆಗೆ ಸರಿಯಾದ ಉತ್ತರ ನೀಡಬಹುದು. ಈ ಉದ್ದೇಶದಿಂದ ಮೋಟಾರು ವಾಹನಗಳ ಕಾಯ್ದೆ, 1988ರ ಸಂಬಂಧಿತ ಕಲಂಗಳನ್ನು ಇಲ್ಲಿ ವಿವರಿಸಲಾಗಿದೆ.

ಅಪರಾಧ ಯಾವುದು?

ಕಾಯ್ದೆಯ ಕಲಂ 185ರ ಪ್ರಕಾರ, ವಾಹನ ಚಲಾಯಿಸುವ ಅಥವಾ ಚಲಾಯಿಸಲು ಯತ್ನಿಸುವ ವ್ಯಕ್ತಿಯ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯಸಾರ ಇರುವುದು ಪರೀಕ್ಷೆಯಿಂದ ಕಂಡುಬಂದರೆ ಅದು ಅಪರಾಧ. ವಾಹನದ ಮೇಲೆ ಸೂಕ್ತ ಹಿಡಿತವಿರಿಸಿಕೊಳ್ಳಲು ಆಗದಷ್ಟು ಮಾದಕ ವಸ್ತುವಿನ ಪ್ರಭಾವದಲ್ಲಿರುವುದೂ ಇದೇ ಕಲಂನಡಿ ಅಪರಾಧವೇ. 2019ರ ತಿದ್ದುಪಡಿಯ ನಂತರ ಮೊದಲ ಅಪರಾಧಕ್ಕೆ 6 ತಿಂಗಳವರೆಗೆ ಕಾರಾವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ, ಮರುಕಳಿಸಿದ ಅಪರಾಧಕ್ಕೆ 2 ವರ್ಷದವರೆಗೆ ಕಾರಾವಾಸ ಅಥವಾ 15,000 ರೂಪಾಯಿ ದಂಡ ಅಥವಾ ಎರಡೂ ಇವೆ.

ಈ ನಿಯಮ ಹೆದ್ದಾರಿಗೆ ಮಾತ್ರ ಸೀಮಿತವಲ್ಲ. ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರುವ ಯಾವುದೇ ರಸ್ತೆ, ಬೀದಿ ಅಥವಾ ಸ್ಥಳ ಕಾಯ್ದೆಯ ದೃಷ್ಟಿಯಲ್ಲಿ ಸಾರ್ವಜನಿಕ ಸ್ಥಳ. ಊರೊಳಗಿನ ಕಾಂಕ್ರೀಟ್ ರಸ್ತೆಯೂ ಸಂತೆ ಮೈದಾನವೂ ಅದರೊಳಗೆ ಬರುತ್ತವೆ. ದ್ವಿಚಕ್ರ ವಾಹನ, ಟ್ರ್ಯಾಕ್ಟರ್, ನೀರಿನ ಟ್ಯಾಂಕರ್, ಸರಕು ಆಟೋ ಯಾವುದಕ್ಕೂ ವಿನಾಯಿತಿ ಇಲ್ಲ.

ಉಸಿರು ಪರೀಕ್ಷೆ

ಮದ್ಯ ಸೇವನೆಯ ಬಗ್ಗೆ ಸಕಾರಣವಾದ ಅನುಮಾನವಿದ್ದಲ್ಲಿ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಅಥವಾ ಅಧಿಕೃತ ಸಾರಿಗೆ ಇಲಾಖೆಯ ಅಧಿಕಾರಿ ಕಲಂ 203ರಡಿ ಸ್ಥಳದಲ್ಲೇ ಉಸಿರಿನ ಮಾದರಿ ಕೇಳಬಹುದು. ಬಳಸುವ ಉಪಕರಣವು ಕೇಂದ್ರ ಸರ್ಕಾರ ಅಧಿಸೂಚನೆಯ ಮೂಲಕ ಅನುಮೋದಿಸಿದ ಮಾದರಿಯದ್ದಾಗಿರಬೇಕು.

ರಕ್ತದಲ್ಲಿರುವ ಮದ್ಯಸಾರದ ಒಂದಂಶ ಶ್ವಾಸಕೋಶದಲ್ಲಿ ಉಸಿರಿಗೆ ಸೇರುತ್ತದೆ. ಸುಮಾರು 2,100 ಮಿ.ಲೀ. ಉಸಿರಿನಲ್ಲಿರುವಷ್ಟೇ ಮದ್ಯಸಾರ 1 ಮಿ.ಲೀ. ರಕ್ತದಲ್ಲಿರುತ್ತದೆ ಎಂಬ ಅನುಪಾತದ ಆಧಾರದಲ್ಲಿ ಯಂತ್ರ ಲೆಕ್ಕ ಹಾಕುತ್ತದೆ. ಶ್ವಾಸಕೋಶದ ಆಳದ ಗಾಳಿ ಬೇಕಾಗುವುದರಿಂದಲೇ ದೀರ್ಘವಾಗಿ ಊದಲು ಹೇಳುತ್ತಾರೆ. ಆಗಷ್ಟೇ ಕುಡಿದಿದ್ದರೆ ಅಥವಾ ಮದ್ಯಸಾರವಿರುವ ದ್ರವದಿಂದ ಬಾಯಿ ಮುಕ್ಕಳಿಸಿದ್ದರೆ ಬಾಯಿಯಲ್ಲಿ ಉಳಿದ ಅಂಶದಿಂದ ಅಳತೆ ಏರುಪೇರಾಗಬಹುದು. ಸುಮಾರು 15 ನಿಮಿಷ ಕಾದು ಮತ್ತೆ ಪರೀಕ್ಷಿಸಿದರೆ ಈ ಸಂದೇಹ ನಿವಾರಣೆಯಾಗುತ್ತದೆ. ಪ್ರತಿಯೊಬ್ಬರಿಗೂ ಹೊಸ ಊದುನಳಿಕೆ ಬಳಸುವುದು, ಯಂತ್ರದ ನಿಖರತೆಯನ್ನು ಕಾಲಕಾಲಕ್ಕೆ ಪರಿಶೀಲಿಸಿರುವುದು, ದಿನಾಂಕ ಹಾಗೂ ವೇಳೆ ನಮೂದಾದ ಮುದ್ರಿತ ಚೀಟಿಯನ್ನು ಕಡತದಲ್ಲಿರಿಸುವುದು ಸಾಕ್ಷ್ಯಕ್ಕೆ ಬಲ ನೀಡುವ ಕ್ರಮಗಳು.

ಬಾಯಿಯಿಂದ ವಾಸನೆ ಬರುತ್ತಿತ್ತು, ನಡಿಗೆ ತೂರಾಡುತ್ತಿತ್ತು ಎಂಬ ಹೇಳಿಕೆಯಷ್ಟೇ ಸಾಲದು. ಬಚುಭಾಯಿ ಕರ್ಯಾನಿ ವಿರುದ್ಧ ಮಹಾರಾಷ್ಟ್ರ ಸರ್ಕಾರದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1971ರಲ್ಲಿಯೇ ಈ ನಿಲುವು ತಳೆದಿದೆ. ಅಳತೆಯೇ ಈ ಅಪರಾಧದ ಮುಖ್ಯ ಸಾಕ್ಷ್ಯ.

ದಸ್ತಗಿರಿ, ಎರಡು ಗಂಟೆಯ ಅವಧಿ ಮತ್ತು ರಕ್ತ ಪರೀಕ್ಷೆ

ಉಸಿರು ಪರೀಕ್ಷೆಯಲ್ಲಿ ಮದ್ಯಸಾರ ಕಂಡುಬಂದರೆ, ಅಥವಾ ಅನುಮಾನಕ್ಕೆ ಕಾರಣವಿದ್ದೂ ವ್ಯಕ್ತಿ ಪರೀಕ್ಷೆಗೆ ನಿರಾಕರಿಸಿದರೆ, ವಾರಂಟ್ ಇಲ್ಲದೆ ದಸ್ತಗಿರಿ ಮಾಡಬಹುದು. ಠಾಣೆಯಲ್ಲಿ ಆತನಿಗೆ ಮತ್ತೊಮ್ಮೆ ಉಸಿರು ಪರೀಕ್ಷೆಯ ಅವಕಾಶ ಕೊಡಬೇಕು. ಕಲಂ 204ರಡಿ ನೋಂದಾಯಿತ ವೈದ್ಯರ ಮೂಲಕ ರಕ್ತದ ಮಾದರಿ ಪಡೆಯಬಹುದು. ವ್ಯಕ್ತಿ ಮಹಿಳೆಯಾಗಿದ್ದು ವೈದ್ಯರು ಪುರುಷರಾಗಿದ್ದಲ್ಲಿ ಇನ್ನೊಬ್ಬ ಮಹಿಳೆಯ ಸಮಕ್ಷಮದಲ್ಲಿಯೇ ಮಾದರಿ ತೆಗೆಯಬೇಕು.

ಕಲಂ 202ರ ಪ್ರಕಾರ, ಕಲಂ 185ರ ಅಪರಾಧಕ್ಕಾಗಿ ದಸ್ತಗಿರಿಯಾದವನನ್ನು ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆಗೆ ಒಳಪಡಿಸತಕ್ಕದ್ದು. ತಪ್ಪಿದಲ್ಲಿ ಬಿಡುಗಡೆ ಮಾಡತಕ್ಕದ್ದು. ಈ ಮಿತಿಯು ದಸ್ತಗಿರಿಯಾದವನಿಗೆ ರಕ್ಷಣೆ, ತನಿಖೆಗೆ ಶಿಸ್ತು. ಇದರ ಹಿಂದೆ ದೇಹಧರ್ಮವೂ ಇದೆ. ರಕ್ತದಲ್ಲಿನ ಮದ್ಯಸಾರ ಗಂಟೆಗೆ ಸರಾಸರಿ 15 ಮಿ.ಗ್ರಾಂ.ನಂತೆ ಇಳಿಯುತ್ತದೆ. ವಾಹನ ತಡೆದಾಗ 55 ಮಿ.ಗ್ರಾಂ. ಇದ್ದ ಪ್ರಮಾಣ ಎರಡು ಗಂಟೆಗಳ ನಂತರ 25ರ ಆಸುಪಾಸಿಗೆ ಬಂದು ಕಾನೂನಿನ ಮಿತಿಯೊಳಗೆ ಸೇರಿಬಿಡಬಹುದು. ಠಾಣೆಯ ಮುಂದೆ ಮಾತುಕತೆಯಲ್ಲಿ ಕಳೆದ ಒಂದೊಂದು ಗಂಟೆಯೂ ಸಾಕ್ಷ್ಯವನ್ನು ಅಳಿಸುತ್ತದೆ.

ರಕ್ತ ತೆಗೆಯುವಾಗ ಚರ್ಮವನ್ನು ಸ್ಪಿರಿಟ್‌ನಿಂದ ಒರೆಸಬಾರದು, ಅದೂ ಮದ್ಯಸಾರವೇ. ಮಾದರಿ ಹುದುಗದಂತೆ ಸೋಡಿಯಂ ಫ್ಲೋರೈಡ್ ಬೆರೆಸಿದ ಸೀಸೆಯಲ್ಲಿ ಸಂಗ್ರಹಿಸಿ, ಮೊಹರು ಮಾಡಿ, ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಲಾಗುತ್ತದೆ. ಮಾದಕ ವಸ್ತುವಿನ ಅನುಮಾನವಿದ್ದಲ್ಲಿ ಉಸಿರು ಯಂತ್ರ ನೆರವಾಗದು. ವೈದ್ಯರ ಪರೀಕ್ಷೆ ಮತ್ತು ಪ್ರಯೋಗಾಲಯದ ವರದಿಯೇ ಆಧಾರ.

ಅಪಘಾತದ ನಂತರ ಚಾಲಕ ಒಳರೋಗಿಯಾಗಿದ್ದರೆ ಆಸ್ಪತ್ರೆಯಲ್ಲಿಯೇ ಮಾದರಿ ಕೇಳಬಹುದು. ಆದರೆ ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ಮೊದಲು ತಿಳಿಸಿರಬೇಕು. ಅವರು ಆಕ್ಷೇಪಿಸಿದರೆ ಒತ್ತಾಯಿಸುವಂತಿಲ್ಲ. ಪರೀಕ್ಷೆಗೆ ಒಪ್ಪದಿದ್ದರೆ ಪಾರಾಗಬಹುದೆಂಬ ನಂಬಿಕೆ ಸರಿಯಲ್ಲ. ಸಮಂಜಸ ಕಾರಣವಿಲ್ಲದ ನಿರಾಕರಣೆಯನ್ನು ಆರೋಪಿಯ ವಿರುದ್ಧದ ಸನ್ನಿವೇಶವೆಂದು ಭಾವಿಸಲು ಕಲಂ 205 ನ್ಯಾಯಾಲಯಕ್ಕೆ ಅವಕಾಶ ನೀಡಿದೆ.

ದಂಡ ಕಟ್ಟುವುದೆಲ್ಲಿ? ಜಾಮೀನು ಹೇಗೆ?

ಸ್ಥಳದಲ್ಲೇ ದಂಡ ಪಡೆದು ಮುಗಿಸಬಹುದಾದ ಅಪರಾಧಗಳನ್ನು ಕಲಂ 200 ಪಟ್ಟಿ ಮಾಡಿದೆ. ಅದರಲ್ಲಿ ಕಲಂ 185 ಇಲ್ಲ. ಆದ್ದರಿಂದ ಈ ದಂಡವನ್ನು ವಿಧಿಸುವುದು ನ್ಯಾಯಾಲಯ. ರಸ್ತೆಯಲ್ಲಿ ಹಣ ಪಡೆದು ಬಿಡುವುದು ಯಾರ ಕಡೆಯಿಂದ ನಡೆದರೂ ಕಾನೂನುಬಾಹಿರ. ಇದು ಜಾಮೀನು ನೀಡಬಹುದಾದ ಅಪರಾಧವಾದ್ದರಿಂದ ಜಾಮೀನು ಆರೋಪಿಯ ಹಕ್ಕು. ಅದಕ್ಕೆ ಶಿಫಾರಸಿನ ಅಗತ್ಯವಿಲ್ಲ. ದಸ್ತಗಿರಿಯ ಕಾರಣ ತಿಳಿಯುವ ಹಕ್ಕು ಆತನಿಗಿದೆ. ಮನೆಯವರಿಗೆ ವಿಷಯ ತಿಳಿಸುವ ಹೊಣೆ ಪೊಲೀಸರದ್ದು. ಕಲಂ 206ರಡಿ ವಶಪಡಿಸಿಕೊಂಡ ಚಾಲನಾ ಪರವಾನಗಿಗೆ ತಾತ್ಕಾಲಿಕ ಸ್ವೀಕೃತಿ ಪತ್ರ ಕೊಡಬೇಕು. ಪರವಾನಗಿಯು ಅನರ್ಹತೆಯ ಕ್ರಮಕ್ಕಾಗಿ ಪರವಾನಗಿ ಪ್ರಾಧಿಕಾರಕ್ಕೆ ಹೋಗುತ್ತದೆ.

ಅಪಘಾತ ಪ್ರಕರಣಗಳಲ್ಲಿ ಅಳತೆಯ ಮಹತ್ವ

2006ರ ನವೆಂಬರ್‌ನಲ್ಲಿ ಮುಂಬಯಿಯ ಕಾರ್ಟರ್ ರಸ್ತೆಯ ಬದಿಯಲ್ಲಿ ಮಲಗಿದ್ದ ಕಾರ್ಮಿಕರ ಮೇಲೆ ಕಾರು ಹರಿದು 7 ಮಂದಿ ಮೃತಪಟ್ಟರು. ಚಾಲಕನ ರಕ್ತದಲ್ಲಿ ಶೇಕಡಾ 0.112ರಷ್ಟು, ಅಂದರೆ 100 ಮಿ.ಲೀ.ಗೆ 112 ಮಿ.ಗ್ರಾಂ. ಮದ್ಯಸಾರ ಕಂಡುಬಂದಿತ್ತು. ಇದನ್ನು ಬರಿಯ ನಿರ್ಲಕ್ಷ್ಯವೆಂದು ಪರಿಗಣಿಸದೆ ಕೊಲೆಯಲ್ಲದ ಮಾನವ ಹತ್ಯೆಯೆಂದು ವಿಧಿಸಿದ್ದ ಶಿಕ್ಷೆಯನ್ನು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ಎತ್ತಿಹಿಡಿಯಿತು. ರಸ್ತೆ ಬದಿಯಲ್ಲಿ ಮಲಗಿದ್ದ ಬಡವರ ಪರವಾಗಿ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದವುಗಳಲ್ಲಿ ಆ ರಕ್ತದ ವರದಿಯೂ ಒಂದು. ಸಕಾಲದಲ್ಲಿ ಮಾದರಿ ಪಡೆಯದಿದ್ದರೆ ಇಂಥ ಸಾಕ್ಷ್ಯ ಶಾಶ್ವತವಾಗಿ ಕೈತಪ್ಪುತ್ತದೆ.

ಸದಸ್ಯರು ಮಾಡಬಹುದಾದ್ದು

ಕರೆ ಬಂದಾಗ ಬಿಡಿಸಲು ಕೋರುವ ಬದಲು ನಾಲ್ಕು ವಿಷಯ ವಿಚಾರಿಸುವುದು ಉಚಿತ: ಯಂತ್ರದ ಚೀಟಿ ಬಂದಿದೆಯೇ? ವೈದ್ಯಕೀಯ ಪರೀಕ್ಷೆ ಸಮಯದೊಳಗೆ ನಡೆದಿದೆಯೇ? ಮನೆಯವರಿಗೆ ತಿಳಿಸಲಾಗಿದೆಯೇ? ಜಾಮೀನಿನ ಪ್ರಕ್ರಿಯೆ ಆರಂಭವಾಗಿದೆಯೇ? ಈ ಪ್ರಶ್ನೆಗಳು ಆರೋಪಿಯ ಹಕ್ಕನ್ನು ಕಾಯುತ್ತವೆ, ತನಿಖೆಗೂ ಅಡ್ಡಿಯಾಗವು. ಕುಡಿಯದ, ಪರವಾನಗಿ ಹೊಂದಿದ ಸಂಬಂಧಿಕರೊಬ್ಬರನ್ನು ಠಾಣೆಗೆ ಕಳುಹಿಸುವುದು ನಿಜವಾದ ಸಹಾಯ.

ಅಪಘಾತವಾದಲ್ಲಿ ಮೊದಲು 108 ಹಾಗೂ 112ಕ್ಕೆ ಕರೆ ಮಾಡತಕ್ಕದ್ದು. ಗಾಯಾಳುವಿಗೆ ಸದುದ್ದೇಶದಿಂದ ನೆರವಾದವರಿಗೆ ಕಲಂ 134ಎ ಕಾನೂನು ರಕ್ಷಣೆ ಒದಗಿಸಿದೆ ಎಂಬುದನ್ನು ಗ್ರಾಮಸಭೆಯಲ್ಲಿ ತಿಳಿಸಬೇಕು. ಪಂಚಾಯಿತಿಯ ನೀರಿನ ಟ್ಯಾಂಕರ್ ಹಾಗೂ ಸ್ವಚ್ಛ ವಾಹಿನಿ ಚಾಲಕರಿಗೂ ಈ ನಿಯಮಗಳನ್ನು ಮನವರಿಕೆ ಮಾಡಿಕೊಡಬೇಕು. ಜಾತ್ರೆಯ ಪೂರ್ವಭಾವಿ ಸಭೆಗೆ ಠಾಣಾಧಿಕಾರಿಯವರನ್ನು ಆಹ್ವಾನಿಸಿ, ತಪಾಸಣೆಯ ಸ್ಥಳ ಮತ್ತು ರಾತ್ರಿ ವೈದ್ಯರು ಲಭ್ಯರಿರುವ ಸಮೀಪದ ಆಸ್ಪತ್ರೆಯನ್ನು ಮೊದಲೇ ಗೊತ್ತುಪಡಿಸಿಕೊಂಡರೆ ಎರಡು ಗಂಟೆಯ ಅವಧಿಯನ್ನು ಪಾಲಿಸುವುದು ಕಷ್ಟವಾಗದು.