ಸಿಟ್ಟು ಸಾಕ್ಷಿ, ನ್ಯಾಯಾಧೀಶನಲ್ಲ



ಟಿವಿಯಲ್ಲಿ ಘೋರ ಅಪರಾಧವೊಂದರ ಸುದ್ದಿ ಬರುತ್ತದೆ. ಊಟಕ್ಕೆ ಕುಳಿತ ಮನೆಮಂದಿಯಲ್ಲಿ ಯಾರಾದರೊಬ್ಬರು, "ಇಂಥವರನ್ನು ನಡುಬೀದಿಯಲ್ಲಿ ನೇಣಿಗೆ ಹಾಕಬೇಕು" ಎನ್ನುತ್ತಾರೆ. ಏಕೆ ಎಂದು ಕೇಳಿದರೆ, "ಇನ್ನೊಬ್ಬ ಹಾಗೆ ಮಾಡಲು ಹೆದರಬೇಕು" ಎಂಬ ಉತ್ತರ ಸಿದ್ಧವಾಗಿರುತ್ತದೆ. ಆದರೆ ನಮ್ಮ ಮನಸ್ಸು ಶಿಕ್ಷೆಯನ್ನು ಅಳೆಯುವುದು ನಿಜವಾಗಿಯೂ ಈ ಅಳತೆಗೋಲಿನಿಂದಲೇ?

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕೆವಿನ್ ಕಾರ್ಲ್‌ಸ್ಮಿತ್, ಜಾನ್ ಡಾರ್ಲಿ ಹಾಗೂ ಕಾನೂನು ವಿದ್ವಾಂಸ ಪಾಲ್ ರಾಬಿನ್ಸನ್ 2002ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನೇ ಪರೀಕ್ಷಿಸಿತು. ಅಪರಾಧದ ಪ್ರಸಂಗಗಳನ್ನು ಓದಿ ಶಿಕ್ಷೆ ನಿರ್ಧರಿಸುವಂತೆ ಜನರನ್ನು ಕೇಳಲಾಯಿತು. ಇತರರನ್ನು ಹೆದರಿಸುವುದೇ ಗುರಿಯಾದರೆ, ಸುಲಭವಾಗಿ ಪತ್ತೆಯಾಗದ ಅಪರಾಧಕ್ಕೆ ಹೆಚ್ಚು ಶಿಕ್ಷೆ ಕೊಡಬೇಕು. ಜನರು ಅದಕ್ಕೆ ಹೆಚ್ಚು ಗಮನ ಕೊಡಲಿಲ್ಲ. ಕೃತ್ಯ ಎಷ್ಟು ಕೆಟ್ಟದ್ದು, ಅದು ತಮ್ಮಲ್ಲಿ ಎಷ್ಟು ಸಿಟ್ಟು ತರಿಸಿತು ಎಂಬುದನ್ನು ನೋಡಿಯೇ ಶಿಕ್ಷೆ ಅಳೆದರು. ಬಾಯಿ ಹೇಳುವುದು ಅಪರಾಧ ತಡೆಯುವ ಮಾತನ್ನು. ಮನಸ್ಸು ಹೇಳುವುದು "ಮಾಡಿದ್ದುಣ್ಣೋ ಮಹಾರಾಯ" ಎಂಬುದನ್ನು.

ಈ ಸಿಟ್ಟು ಕೆಟ್ಟದ್ದಲ್ಲ. ನೊಂದವರ ಪರವಾಗಿ ಯಾರಿಗೂ ಸಿಟ್ಟೇ ಬಾರದ ಊರಿನಲ್ಲಿ ಬಡವರಿಗೆ, ಹೆಣ್ಣುಮಕ್ಕಳಿಗೆ ರಕ್ಷಣೆ ಎಲ್ಲಿದೆ? ತಪ್ಪು ನಡೆದಿದೆ ಎಂಬುದಕ್ಕೆ ಸಿಟ್ಟು ಒಂದು ಸಾಕ್ಷಿ. ಆದರೆ ಅದಕ್ಕೆ ಅವಸರ ಹೆಚ್ಚು. ಕೈಗೆ ಸಿಕ್ಕವನೇ ಅಪರಾಧಿಯೋ ಎಂದು ವಿಚಾರಿಸುವ ತಾಳ್ಮೆ ಅದಕ್ಕಿಲ್ಲ.

2019ರ ನವೆಂಬರ್‌ನಲ್ಲಿ ಹೈದರಾಬಾದ್ ಬಳಿ ಯುವ ಪಶುವೈದ್ಯೆಯೊಬ್ಬರ ಅತ್ಯಾಚಾರ, ಕೊಲೆ ನಡೆದಾಗ ಇಡೀ ದೇಶವೇ ಕುದಿಯಿತು. ಡಿಸೆಂಬರ್ 6ರಂದು ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಬಲಿಯಾದರು. ಜನ ಪೊಲೀಸರ ಮೇಲೆ ಹೂ ಸುರಿದರು, ಸಿಹಿ ಹಂಚಿದರು. ಮುಂದೆ ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗವು, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿತ್ತು, ಸತ್ತವರಲ್ಲಿ ಮೂವರು ಅಪ್ರಾಪ್ತ ವಯಸ್ಸಿನವರು ಎಂದು ಹೇಳಿತು. ಆ ವರದಿ ಬಹಿರಂಗವಾದದ್ದು 2022ರಲ್ಲಿ. ಅಪರಾಧಿಗಳು ಅವರೇ ಹೌದೋ ಅಲ್ಲವೋ ಎಂದು ನ್ಯಾಯಾಲಯ ತೀರ್ಮಾನಿಸುವ ಅವಕಾಶವೇ ಉಳಿಯಲಿಲ್ಲ.

ಸೇಡು ತೀರಿದರೆ ಮನಸ್ಸು ಹಗುರವಾಗುತ್ತದೆ ಎಂದು ನಾವು ನಂಬುತ್ತೇವೆ. ಕಾರ್ಲ್‌ಸ್ಮಿತ್ ಮತ್ತು ಸಂಗಡಿಗರು 2008ರಲ್ಲಿ ಇದನ್ನೂ ಪರೀಕ್ಷಿಸಿದರು. ಹಣ ಹೂಡುವ ಆಟವೊಂದರಲ್ಲಿ ಮೋಸಹೋದ ಕೆಲವರಿಗೆ ಮೋಸಗಾರನನ್ನು ಶಿಕ್ಷಿಸುವ ಅವಕಾಶ ಕೊಟ್ಟರು; ಉಳಿದವರಿಗೆ ಕೊಡಲಿಲ್ಲ. ಶಿಕ್ಷಿಸಿದವರೇ ಹೆಚ್ಚು ಬೇಸರದಲ್ಲಿದ್ದರು. ಮೋಸಗಾರನನ್ನೇ ಮತ್ತೆ ಮತ್ತೆ ನೆನೆಯುತ್ತಿದ್ದವರೂ ಅವರೇ. ಒಂದು ಆಟದಲ್ಲೇ ಹೀಗಾದರೆ, ಸೇಡನ್ನೇ ನೆಚ್ಚಿಕೊಂಡ ಬಾಳಿನ ಗತಿಯೇನು?

ಹಾಗಾದರೆ ಶಿಕ್ಷೆಯೇ ಬೇಡವೇ? ಖಂಡಿತ ಬೇಕು. ಇಟಲಿಯ ಚೆಸಾರೆ ಬೆಕ್ಕಾರಿಯಾ 1764ರಲ್ಲೇ ಹೇಳಿದಂತೆ, ಅಪರಾಧವನ್ನು ತಡೆಯುವುದು ಶಿಕ್ಷೆಯ ಕ್ರೌರ್ಯಕ್ಕಿಂತ ಹೆಚ್ಚಾಗಿ ಅದು ತಪ್ಪದು ಎಂಬ ಖಾತ್ರಿ. ಕ್ಷಮೆಯೂ ಶಿಕ್ಷೆಯನ್ನು ಅಳಿಸಿಹಾಕಬೇಕಿಲ್ಲ. 1981ರಲ್ಲಿ ತಮಗೆ ಗುಂಡಿಕ್ಕಿದ ಅಲಿ ಆಗ್ಜಾನನ್ನು ಪೋಪ್ ಎರಡನೇ ಜಾನ್ ಪಾಲರು ಕೆಲವೇ ದಿನಗಳಲ್ಲಿ ಕ್ಷಮಿಸಿದರು. 1983ರಲ್ಲಿ ಸೆರೆಮನೆಗೇ ಹೋಗಿ ಕಂಡರು. ಆದರೂ ಇಟಲಿ ಸರ್ಕಾರ ಅವನಿಗೆ ಕ್ಷಮಾದಾನ ನೀಡಿದ್ದು 2000ದಲ್ಲಿ. ದ್ವೇಷ ಹೋಯಿತು, ನ್ಯಾಯ ಉಳಿಯಿತು.

ಆದ್ದರಿಂದ ಪ್ರಿಯರೇ, ಇಂಥ ಸುದ್ದಿ ಮನೆಗೆ ಬಂದಾಗ ಮೂರು ಪ್ರಶ್ನೆ ಕೇಳೋಣ. ಮಾಡಿದವನು ಇವನೇ ಎಂದು ಸಾಬೀತಾಗಿದೆಯೇ? ಶಿಕ್ಷೆ ತಪ್ಪಿಗೆ ತಕ್ಕಷ್ಟೇ ಇದೆಯೇ? ನೊಂದ ಕುಟುಂಬದ ಕೈ ಹಿಡಿದವರು ಯಾರು? ಪಕ್ಕದಲ್ಲಿ ಕುಳಿತು ಊಟ ಮಾಡುವ ಮಕ್ಕಳು ನ್ಯಾಯ ಎಂದರೇನೆಂದು ಕಲಿಯುವುದು ನಮ್ಮ ಮಾತುಗಳಿಂದಲೇ.