ಸ್ಟಿಕ್ಕರ್ ಕೆಂಪಾದ್ರೆ ತಪ್ಪು ಯಾರದು?

ಗುಂಡ್ಲುಪೇಟೆ ಸುತ್ತ ಸೂರ್ಯಕಾಂತಿ ಅರಳೋ ಕಾಲ ಬಂತು ಅಂದ್ರೆ ನಮ್ಮ ಕಾಲೇಜಲ್ಲಿ ಅರ್ಧ ಜನ ಫೋಟೋಗ್ರಾಫರ್ ಆಗಿಬಿಡ್ತಾರೆ. ಚಾಮರಾಜನಗರದಲ್ಲಿ ಬಸ್ ಹತ್ತಿ, ತೆರಕಣಾಂಬಿ ದಾಟಿ ಗುಂಡ್ಲುಪೇಟೆ ಸೇರಿದ್ರೆ ಮುಂದೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ, ಅತ್ತ ಬಂಡೀಪುರ. ಆದ್ರೆ ಮೊಬೈಲಲ್ಲಿ ತೆಗೆದ ಆನೆ ಕಡಲೆಕಾಳಿನಷ್ಟೇ ಕಾಣುತ್ತೆ. ಹಾಗಾಗಿ ನಾವು 31 ಜನ ತಲಾ 1,200 ರೂಪಾಯಿ ಹಾಕಿ, ಹಳೆಯ ರಾಜ್ಯೋತ್ಸವದ ಖರ್ಚಲ್ಲಿ ಉಳಿದಿದ್ದ ಸ್ವಲ್ಪ ದುಡ್ಡೂ ಸೇರಿಸಿ ಸಂಘಕ್ಕೆ ಒಂದು ಕ್ಯಾಮೆರಾ ಕೊಂಡೆವು. ಎರಡು ವರ್ಷ ವಾರಂಟಿ. ಬಿಲ್ಲು ಒಬ್ಬರ ಹೆಸರಲ್ಲಿ, ಆಸೆ ಎಲ್ಲರದೂ.

ಏಳನೇ ತಿಂಗಳಲ್ಲಿ ಲೆನ್ಸ್ ಫೋಕಸ್ ಆಗೋದು ನಿಂತಿತು. ಮೈಸೂರಿನ ಅಧಿಕೃತ ಕಲೆಕ್ಷನ್ ಸೆಂಟರಿಗೆ ಕೊಟ್ಟೆವು. 23 ದಿನ ಸುದ್ದಿ ಇಲ್ಲ. ಫೋನ್ ಮಾಡಿದಾಗೆಲ್ಲ 'ಪ್ರೋಸೆಸ್‌ನಲ್ಲಿದೆ ಸರ್' ಅನ್ನೋ ಉತ್ತರ. ಕೊನೆಗೆ ಒಂದೂವರೆ ಸಾಲಿನ ಮೇಲ್ ಬಂತು: ಲಿಕ್ವಿಡ್ ಡ್ಯಾಮೇಜ್ ಆಗಿದೆ, ವಾರಂಟಿ ಅನ್ವಯಿಸುವುದಿಲ್ಲ, ಅಂದಾಜು ವೆಚ್ಚ 14,600 ರೂಪಾಯಿ.

ಆ ಮೇಲ್ ಓದಿದ ಮೇಲೆ ನಾವು ಮಾಡಿದ ಮೊದಲ ಕೆಲಸ ಕಂಪನಿಗೆ ಉತ್ತರ ಬರೆಯೋದಲ್ಲ. ಹಿಂದಿನ ತಿಂಗಳು ಕ್ಯಾಮೆರಾನ ಬೆಟ್ಟಕ್ಕೆ ತಗೊಂಡು ಹೋಗಿದ್ದ ಜೂನಿಯರ್ ಕಡೆಗೆ ತಿರುಗಿ ನೋಡಿದ್ದು. ಬೆಟ್ಟದ ಮೇಲೆ ಮಂಜು ಇರುತ್ತೆ, ಇವನೇ ನೆನೆಸಿರಬೇಕು ಅಂತ. 'ನಾನ್ ನೀರ್ ಬೀಳ್ಸಿಲ್ಲ ಕನಣ್ಣ' ಅಂತ ಅವನು ಎಷ್ಟು ಸಲ ಹೇಳಿದ್ರೂ ಯಾರೂ ನಂಬಲಿಲ್ಲ. ಮುಂದಿನ ಎರಡು ಮೀಟಿಂಗಿಗೆ ಅವನು ಬರಲೇ ಇಲ್ಲ.

ಹಾಸ್ಟೆಲಿನ ವಾದ

ಆ ವಾರ ಮೆಸ್ಸಲ್ಲಿ ಇದೇ ಮಾತು. ಒಂದು ಗುಂಪಿನ ವಾದ: 'ನಮ್ಮ ದೇಶದಲ್ಲಿ ಕೆಲಸದ ಮೇಲೆ ನಿಯತ್ತೇ ಇಲ್ಲ. ಆ ಸೆಂಟರ್ ಹುಡುಗ ಸೋಮಾರಿ, ಬಿಚ್ಚಿ ನೋಡದೇ ಬರೆದಿದ್ದಾನೆ.' ಇನ್ನೊಂದು ಗುಂಪಿನದು: 'ಅವನಿಗೆ ಬರೋ ಸಂಬಳಕ್ಕೆ ಇನ್ನೇನು ಮಾಡ್ತಾನೆ? ಮೋಸ ಕಂಪನಿಯದ್ದು.' ಮಾತು ಬೆಳೀತಾ, ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಅಂತ ನಾರಾಯಣ ಮೂರ್ತಿಯವರು 2023ರಲ್ಲಿ ಹೇಳಿದ್ದು, 2025ರ ಆರಂಭದಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರ 90 ಗಂಟೆಯ ಮಾತು ಸುದ್ದಿಯಾಗಿದ್ದು, ಎಲ್ಲಾ ತಟ್ಟೆಗೆ ಬಂತು.

ಆದ್ರೆ ಯಾರಿಗೂ ಒಂದು ಸರಳ ವಿಷಯ ಗೊತ್ತಿರಲಿಲ್ಲ: ವಾರಂಟಿ ಅನ್ನೋದು ನಿಜಕ್ಕೂ ಹೇಗೆ ಕೆಲಸ ಮಾಡುತ್ತೆ? ಎಂಜಿನಿಯರಿಂಗ್ ಓದೋರಾಗಿ ನಾಚಿಕೆ ಆಯ್ತು. ಹುಡುಕಿ ಓದಿದೆವು. ತಿಳಿದದ್ದು ಇಷ್ಟು.

ಸ್ನಾನದ ತೊಟ್ಟಿಯ ಗ್ರಾಫ್

ಯಾವುದೇ ಉಪಕರಣ ಕೆಡೋ ಪ್ರಮಾಣವನ್ನ ಕಾಲದ ಎದುರು ಗ್ರಾಫ್ ಹಾಕಿದ್ರೆ ಸಾಮಾನ್ಯವಾಗಿ ಸ್ನಾನದ ತೊಟ್ಟಿಯ ಆಕಾರ ಬರುತ್ತೆ. ಇದಕ್ಕೆ ಬಾತ್‌ಟಬ್ ಕರ್ವ್ ಅಂತಾರೆ. ಶುರುವಿನಲ್ಲಿ ಕೆಡೋದು ಜಾಸ್ತಿ: ಸರಿಯಾಗಿ ಕೂರದ ಬೆಸುಗೆ, ಜೋಡಣೆಯ ತಪ್ಪು, ದೋಷವಿರೋ ಬಿಡಿಭಾಗ. ಆಮೇಲೆ ಬಹಳ ಕಾಲ ತಳ ಚಪ್ಪಟೆ. ಕೊನೆಗೆ ಸವೆತ ಶುರುವಾಗಿ ಮತ್ತೆ ಏರುತ್ತೆ.

ಕಂಪನಿಯ ವಾರಂಟಿ ಇರೋದು ಮುಖ್ಯವಾಗಿ ಆ ಮೊದಲ ಇಳಿಜಾರಿಗೆ. ಅಂದ್ರೆ ಕಾರ್ಖಾನೆಯ ತಪ್ಪಿಗೆ ಕಾರ್ಖಾನೆಯೇ ಹೊಣೆ ಅನ್ನೋ ಮಾತಿಗೆ. ಅಂಗಡಿಯವರು ಒತ್ತಾಯ ಮಾಡಿ ಮಾರೋ 'ಎಕ್ಸ್‌ಟೆಂಡೆಡ್ ವಾರಂಟಿ' ಬಹುಮಟ್ಟಿಗೆ ಚಪ್ಪಟೆ ತಳಕ್ಕೆ. ಕೆಡೋ ಸಾಧ್ಯತೆ ಕಮ್ಮಿ ಇರೋ ಕಾಲಕ್ಕೇ ದುಡ್ಡು ತಗೊಳ್ತಾರೆ, ಲಾಭ ಇರೋದು ಅಲ್ಲೇ.

ಇನ್ನು ಲೆಕ್ಕದ ಪುಸ್ತಕ. ನೂರು ಕ್ಯಾಮೆರಾ ಮಾರಿದಾಗ ಅದರಲ್ಲಿ ಎಷ್ಟು ವಾಪಸ್ ಬರಬಹುದು ಅಂತ ಅಂದಾಜು ಮಾಡಿ, ಆ ಖರ್ಚನ್ನ ಕಂಪನಿ ಮುಂಚೆಯೇ ಲೆಕ್ಕದಲ್ಲಿ ತೋರಿಸಬೇಕು. ಅಂದ್ರೆ ನಾವು ಕೊಟ್ಟ ಬೆಲೆಯಲ್ಲೇ ರಿಪೇರಿಯ ಪಾಲೂ ಸೇರಿರುತ್ತೆ. ವಾರಂಟಿ ಸೇವೆ ಪುಕ್ಕಟೆ ಅಲ್ಲ, ಮುಂಗಡ ಕೊಟ್ಟಿರೋದು. ಆದ್ರೆ ಒಂದು ಕ್ಲೇಮ್ ತಿರಸ್ಕಾರವಾದ್ರೆ ಆ ಖರ್ಚು ಉಳೀತು. ಕೆಟ್ಟ ಉದ್ದೇಶ ಯಾರಿಗೂ ಇಲ್ಲದಿದ್ರೂ ಇಡೀ ವ್ಯವಸ್ಥೆ 'ಇಲ್ಲ' ಅನ್ನೋ ಕಡೆಗೇ ಜಾರುತ್ತೆ.

ಆ ಕೆಂಪು ಸ್ಟಿಕ್ಕರ್

ಫೋನು, ಕೆಲವು ಕ್ಯಾಮೆರಾಗಳ ಒಳಗೆ ಚಿಕ್ಕ ಬಿಳಿ ಸ್ಟಿಕ್ಕರ್ ಅಂಟಿಸಿರ್ತಾರೆ. ನೀರು ತಾಗಿದ್ರೆ ಒಳಗಿನ ಬಣ್ಣ ಕರಗಿ, ಹರಡಿ, ಕೆಂಪಾಗುತ್ತೆ. ನೋಡಿದ ತಕ್ಷಣ ತೀರ್ಪು ಕೊಡೋಕೆ ಅನುಕೂಲ. ಆದ್ರೆ ಸ್ಟಿಕ್ಕರ್ ಹೇಳೋದು 'ಇಲ್ಲಿ ತೇವ ಬಂದಿತ್ತು' ಅಂತ ಮಾತ್ರ. ಎಷ್ಟು, ಎಲ್ಲಿಂದ, ಅದರಿಂದಲೇ ಕೆಟ್ಟಿತಾ ಅನ್ನೋದನ್ನ ಅದು ಹೇಳಲ್ಲ. ಬೆಟ್ಟದ ಮೇಲೆ ತಣ್ಣಗಾದ ಕ್ಯಾಮೆರಾನ ಕೆಳಗಿನ ಬೆಚ್ಚನೆಯ, ತೇವದ ಗಾಳಿಗೆ ತಂದು ತಕ್ಷಣ ಬ್ಯಾಗ್ ತೆಗೆದ್ರೆ, ತಣ್ಣೀರಿನ ಲೋಟದ ಹೊರಗೆ ಹನಿ ಕೂರೋ ಹಾಗೆ ಕ್ಯಾಮೆರಾ ಮೇಲೂ ಹನಿ ಕೂರಬಹುದು. ನೀರು ಸುರಿಯಲೇಬೇಕು ಅಂತಿಲ್ಲ. (ಬ್ಯಾಗ್ ಮುಚ್ಚಿಟ್ಟು, ಕ್ಯಾಮೆರಾ ಹೊರಗಿನ ಬಿಸಿಗೆ ಹೊಂದೋವರೆಗೂ ಕಾಯೋದು ಇದಕ್ಕೆ ಮದ್ದು.)

ಇದು ನಮ್ಮ ಜಗಳ ಮಾತ್ರ ಅಲ್ಲ. ಅಮೆರಿಕದಲ್ಲಿ ಇಂಥದ್ದೇ ಸ್ಟಿಕ್ಕರ್ ನೋಡಿ ಐಫೋನ್, ಐಪಾಡ್‌ಗಳ ವಾರಂಟಿ ನಿರಾಕರಿಸಿದ್ರು ಅಂತ ಗ್ರಾಹಕರು ಒಟ್ಟಾಗಿ ಕೋರ್ಟಿಗೆ ಹೋದ್ರು. ತೇವದ ಹವೆಗೂ ಸ್ಟಿಕ್ಕರ್ ಬಣ್ಣ ಬದಲಾಗಬಹುದು ಅನ್ನೋದು ಅವರ ವಾದ. 2013ರಲ್ಲಿ ಆ್ಯಪಲ್ 5.3 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ತು. ಅಲ್ಲಿನ ವ್ಯಾಪಾರ ಆಯೋಗ 2018ರಲ್ಲಿ, ಕಂಪನಿ ಹೇಳಿದ ಬಿಡಿಭಾಗ, ಕಂಪನಿ ಹೇಳಿದ ಸರ್ವಿಸ್ ಬಳಸದಿದ್ರೆ ವಾರಂಟಿ ರದ್ದು ಅನ್ನೋ ಧೋರಣೆಗೆ ಆರು ಕಂಪನಿಗಳಿಗೆ ಎಚ್ಚರಿಕೆ ಪತ್ರ ಬರೆಯಿತು. ನಮ್ಮಲ್ಲೂ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ 'ರಿಪೇರಿ ಹಕ್ಕಿನ' ಬಗ್ಗೆ ಸಮಿತಿ ಮಾಡಿ, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ಕೂಡ ತೆರೆಯಿತು.

ನಾವು ಕೇಳಿದ ಮೂರು ಪ್ರಶ್ನೆ

ಇಷ್ಟು ತಿಳಿದ ಮೇಲೆ ಕಂಪನಿಗೆ ಮೇಲ್ ಬರೆದೆವು. ಬೈಗುಳ ಇಲ್ಲ, ಮೂರೇ ಪ್ರಶ್ನೆ. ಒಂದು, ತೇವದ ಗುರುತು ಯಾವ ಜಾಗದಲ್ಲಿ ಸಿಕ್ಕಿದೆ, ಫೋಟೋ ಕಳಿಸಿ. ಎರಡು, ಬೋರ್ಡಿನ ಮೇಲೆ ತುಕ್ಕು ಅಥವಾ ಹಸಿರು ಕಿಲುಬು ಇದೆಯಾ? ಮೂರು, ಕೆಟ್ಟಿರೋ ಭಾಗ ಯಾವುದು, ಆ ತೇವಕ್ಕೂ ಇದಕ್ಕೂ ಏನು ಸಂಬಂಧ? ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆವು. ಕನ್ನಡದಲ್ಲೇ ಮಾತಾಡಬಹುದು.

ಎರಡು ವಾರಕ್ಕೆ ಉತ್ತರ ಬಂತು. ಸ್ಟಿಕ್ಕರ್ ನಸುಗೆಂಪಾಗಿದ್ದು ಬ್ಯಾಟರಿ ಬಾಗಿಲ ಹತ್ತಿರ. ಬೋರ್ಡಲ್ಲಿ ಕಿಲುಬು ಇಲ್ಲ. ಕೆಟ್ಟಿದ್ದು ಲೆನ್ಸ್ ಒಳಗಿನ ಒಂದು ತೆಳು ಫ್ಲೆಕ್ಸ್ ಕೇಬಲ್. ಅಂದ್ರೆ ಗುರುತು ಕ್ಯಾಮೆರಾ ಬಾಡಿಯಲ್ಲಿ, ರೋಗ ಲೆನ್ಸಲ್ಲಿ. ಕಂಪನಿ ತಪ್ಪು ಒಪ್ಪಿಕೊಳ್ಳಲಿಲ್ಲ. 'ಈ ಒಂದು ಸಲ ಸೌಹಾರ್ದಕ್ಕಾಗಿ' ಉಚಿತವಾಗಿ ಸರಿಮಾಡಿ ಕೊಡ್ತೀವಿ ಅಂತು. ಸರಿ ಮಾಡಿ ಕೊಟ್ರು ಕೂಡ.

ಸ್ಕ್ರೂಡ್ರೈವರ್ ಇಲ್ಲದ ಮೇಜು

ಕ್ಯಾಮೆರಾ ವಾಪಸ್ ತರೋಕೆ ಹೋದಾಗ ಕೌಂಟರಿನ ಹುಡುಗನನ್ನ ಕೇಳಿದೆವು, ನೀವಾದ್ರೂ ಒಂದ್ಸಲ ಬಿಚ್ಚಿ ನೋಡಬಹುದಿತ್ತಲ್ಲ ಅಂತ. ಅವನು ನಕ್ಕ. 'ಬಿಚ್ಚೋ ಹಾಗಿಲ್ಲ ಸರ್. ನಾನು ಬರೀ ಡಬ್ಬ ಕಟ್ಟಿ ಬೆಂಗಳೂರಿಗೆ ಕಳಿಸೋನು. ಎಷ್ಟು ದಿನದಲ್ಲಿ ಕಳಿಸಿದೆ, ಎಷ್ಟು ಜಾಬ್ ಕ್ಲೋಸ್ ಆಯ್ತು, ಅಷ್ಟೇ ಲೆಕ್ಕ.' ಅವನೂ ಡಿಪ್ಲೊಮಾ ಓದಿದವನು. ಮೇಜಿನ ಮೇಲೆ ಟೇಪು, ಕತ್ತರಿ, ಕಂಪ್ಯೂಟರ್ ಇತ್ತು. ಸ್ಕ್ರೂಡ್ರೈವರ್ ಇರಲಿಲ್ಲ.

ನಮ್ಮ ಮೆಸ್ಸಿನ ವಾದಕ್ಕೆ ಉತ್ತರ ಸಿಕ್ಕಿದ್ದು ಅಲ್ಲಿ. ಅವನು ವಾರಕ್ಕೆ 70 ಅಲ್ಲ, 90 ಗಂಟೆ ಕೂತ್ರೂ ನಮ್ಮ ಲೆನ್ಸ್ ಸರಿಹೋಗ್ತಿರಲಿಲ್ಲ. ನಿಯತ್ತು ತೋರಿಸೋಕೆ ಕೈಗೆ ಉಪಕರಣ ಬೇಕು, ಬಿಡಿಭಾಗ ಬೇಕು, 'ಇದು ಕಾರ್ಖಾನೆಯ ತಪ್ಪು' ಅಂತ ಬರೆಯೋ ಅಧಿಕಾರ ಬೇಕು. ಜಾಬ್ ಮುಗಿಸಿದ್ದಕ್ಕೆ ಅಂಕ ಕೊಟ್ಟು, ಸರಿ ಮಾಡಿದ್ದಕ್ಕೆ ಕೊಡದಿದ್ರೆ, ಒಳ್ಳೇ ಕೆಲಸಗಾರನೂ ಜಾಬ್ ಮುಗಿಸೋದನ್ನೇ ಕಲೀತಾನೆ.

ನಮ್ಮೂರ ಮೋಟರ್ ರಿವೈಂಡಿಂಗ್ ಅಂಗಡಿಯವರನ್ನ ನೋಡಿ. ಅವರ ಹತ್ರ ವಾರಂಟಿ ಕಾರ್ಡ್ ಇಲ್ಲ. ಆದ್ರೆ ಕಾಯಿಲ್ ಮತ್ತೆ ಸುಟ್ರೆ ರೈತ ಮಾರನೇ ದಿನವೇ ಪಂಪು ಹೊತ್ಕೊಂಡು ಬಂದು ಟೀ ಅಂಗಡಿ ಮುಂದೆಯೇ ಕೇಳ್ತಾನೆ. ಕೆಲಸ ಮಾಡಿದವನಿಗೂ ಅದರ ಫಲಕ್ಕೂ ನಡುವೆ ದೂರ ಇಲ್ಲ. ಹಾಗಂತ ಎಲ್ಲ ಚಿಕ್ಕ ಅಂಗಡಿಯೂ ಪ್ರಾಮಾಣಿಕ ಅಂತಲ್ಲ. ನಮ್ಮ ಲೆನ್ಸಿನ ಕೇಬಲ್ಲು, ಸರ್ವಿಸ್ ಮ್ಯಾನುಯಲ್ ಅವರಿಗೆ ಸಿಗೋದೂ ಇಲ್ಲ. 12ನೇ ಶತಮಾನದ ಶರಣರು ಕಾಯಕದ ಜೊತೆಗೇ ದಾಸೋಹ ಇಟ್ಟಿದ್ದು ನೆನಪಾಗುತ್ತೆ. ಕೆಲಸವನ್ನ ಅವರು ಗಂಟೆಯಲ್ಲಿ ಅಳೆಯಲಿಲ್ಲ, ಅದು ಸತ್ಯಶುದ್ಧವೇ, ಸಮಾಜಕ್ಕೆ ತಲುಪಿತೇ ಅಂತ ನೋಡಿದ್ರು.

ನಿಮ್ಮ ಕ್ಯಾಮೆರಾ, ಡ್ರೋನ್, ಗಿಟಾರ್ ಆಂಪ್ ಕೆಟ್ರೆ

1. ಕೊಳ್ಳುವಾಗಲೇ ಜಿಎಸ್‌ಟಿ ಬಿಲ್ ತಗೊಳ್ಳಿ, ಸೀರಿಯಲ್ ನಂಬರ್ ಬಿಲ್ಲಲ್ಲಿ ಇರಲಿ. ಅಗ್ಗಕ್ಕೆ ಸಿಗೋ ಗ್ರೇ ಮಾರ್ಕೆಟ್ ಮಾಲಿಗೆ ಕಂಪನಿಯ ಭಾರತದ ವಾರಂಟಿ ಸಾಮಾನ್ಯವಾಗಿ ಇರಲ್ಲ.

2. ಸರ್ವಿಸಿಗೆ ಕೊಡೋ ಮೊದಲು ಎಲ್ಲ ಕಡೆಯಿಂದ ಫೋಟೋ, ತೊಂದರೆಯ ವಿಡಿಯೋ ತೆಗೆದಿಡಿ. ಜಾಬ್ ಶೀಟಿನಲ್ಲಿ 'ಹೊರಗೆ ಯಾವ ಹಾನಿಯೂ ಇಲ್ಲ' ಅಂತ ಬರೆಸಿ.

3. ಫೋನಲ್ಲಿ ಹೇಳಿದ್ದನ್ನ ಅದೇ ದಿನ ಮೇಲಲ್ಲಿ ಬರೆದು ಕಳಿಸಿ. ಆನ್‌ಲೈನಲ್ಲಿ ಕೊಂಡಿದ್ರೆ, 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಮಾರಾಟ ತಾಣದ ದೂರು ಅಧಿಕಾರಿ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು.

4. ಬಗೆಹರಿಯದಿದ್ರೆ 1915. ಅವರು ಕಂಪನಿಯ ಜೊತೆ ಮಾತಾಡಿಸ್ತಾರೆ, ಆದ್ರೆ ತೀರ್ಪು ಕೊಡೋ ಅಧಿಕಾರ ಅವರಿಗಿಲ್ಲ.

5. ಅದೂ ಆಗದಿದ್ರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರೋ ಜಿಲ್ಲೆಯಲ್ಲೇ ದೂರು ಕೊಡಬಹುದು. ಗುಂಡ್ಲುಪೇಟೆಯವರು ಕಂಪನಿ ಇರೋ ಊರಿಗೆ ಅಲೆಯಬೇಕಿಲ್ಲ, ಚಾಮರಾಜನಗರ ಸಾಕು. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ರೆ ಶುಲ್ಕ ಇಲ್ಲ. ವಕೀಲರು ಕಡ್ಡಾಯವಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ದೋಷ ಏನು ಅನ್ನೋದೇ ಜಗಳವಾದ್ರೆ, ಆಯೋಗ ವಸ್ತುವನ್ನ ಸೀಲ್ ಮಾಡಿ ಪ್ರಯೋಗಾಲಯಕ್ಕೆ ಕಳಿಸಬಹುದು.

6. ಮದುವೆ ಫೋಟೋ ತೆಗೆದು ಸಂಪಾದಿಸೋರು ಗಮನಿಸಿ: ವ್ಯಾಪಾರಕ್ಕೆ ಕೊಂಡ ವಸ್ತುವಿಗೆ ಈ ಕಾಯ್ದೆ ಅನ್ವಯಿಸಲ್ಲ. ಸ್ವಂತ ದುಡಿಮೆಯಿಂದ ಜೀವನ ನಡೆಸೋಕೆ ಮಾತ್ರ ಕೊಂಡಿದ್ರೆ ಆಗ ನೀವೂ ಗ್ರಾಹಕರೇ.

ಕೊನೆಯದಾಗಿ

ಇಷ್ಟೆಲ್ಲ ಮಾಡಿ 14,600 ರೂಪಾಯಿ ಉಳಿಸಿದೆವು. ಆದ್ರೆ ನಮ್ಮ ಜೂನಿಯರ್ ವಿಷಯದಲ್ಲಿ ನಾವು ಮಾಡಿದ್ದು ಆ ಮೇಲ್ ಬರೆದವರು ಮಾಡಿದ್ದನ್ನೇ: ಒಂದು ಗುರುತು ನೋಡಿ, ಬಿಚ್ಚಿ ನೋಡದೇ, ಕೇಸ್ ಕ್ಲೋಸ್ ಮಾಡಿದ್ವಿ. ಕ್ಯಾಮೆರಾ ಬಂದ ದಿನ ನಾಲ್ಕು ಜನ ಅವನ ರೂಮಿಗೆ ಹೋಗಿ ಕ್ಷಮೆ ಕೇಳಿದೆವು. 'ಓಗ್ಲಿ ಬುಡಣ್ಣ' ಅಂದ. ಈಗ ಕ್ಯಾಮೆರಾ ಅವನ ಸುಪರ್ದಿಯಲ್ಲೇ ಇದೆ.

ಇನ್ನೊಂದೆರಡು ವರ್ಷಕ್ಕೆ ನಮ್ಮಲ್ಲಿ ಕೆಲವರು ಅದೇ ಕಂಪನಿಗಳಲ್ಲಿ ಇರ್ತೀವಿ. ಸ್ಟಿಕ್ಕರ್ ಎಲ್ಲಿ ಅಂಟಿಸಬೇಕು, ಕೇಬಲ್ ಎಷ್ಟು ಸಲ ಬಾಗಬೇಕು, ಸರ್ವಿಸ್ ಮೇಜಿನ ಮೇಲೆ ಏನಿರಬೇಕು ಅಂತ ತೀರ್ಮಾನ ಮಾಡೋರು ನಾವೇ ಆಗಿರ್ತೀವಿ. ಆಗ ಆ ಮೇಜಿನ ಮೇಲೆ ಒಂದು ಸ್ಕ್ರೂಡ್ರೈವರ್ ಇಡೋದನ್ನ ಮರೆಯದಿರೋಣ.