ಗಡಿ ಅಂಗಡಿಗೊಂದು ಲ್ಯಾಪ್‌ಟಾಪ್

ತಾಂಡೂರಿನ ಫರಸಿ ಪಾಲಿಶ್ ಕಾರ್ಖಾನೆಯೊಂದರಲ್ಲಿ ರಿಪೇರಿಗೆಂದು ಬಿಚ್ಚಿಟ್ಟ ಲ್ಯಾಪ್‌ಟಾಪ್ ನೋಡಿದ್ದೆ. ತಳದ ಮುಚ್ಚಳ ತೆಗೆದರೆ ಒಳಗಿನ ಫ್ಯಾನೇ ಕಾಣದು. ಜೋಳದ ಹಿಟ್ಟು ಮೆತ್ತಿದ ಹಾಗೆ ಕಲ್ಲಿನ ಪುಡಿ ಕೂತಿತ್ತು, ಗಾಳಿ ಹೊರಹೋಗುವ ಜಾಲಿ ಪೂರಾ ಕಟ್ಟಿತ್ತು. ದುಬಾರಿ ಪ್ರೊಸೆಸರ್ ಇದ್ದ ಯಂತ್ರ ಕಾವಿಗೆ ತಾನಾಗಿ ವೇಗ ಇಳಿಸಿಕೊಂಡು, ಒಂದು ಬಿಲ್ ತೆಗೆಯಲು ತಿಣುಕುತ್ತಿತ್ತು. ಬ್ರಷ್ ಆಡಿಸುತ್ತ ರಿಪೇರಿ ಹುಡುಗ ಮಾಲೀಕರಿಗೆ ಹೇಳಿದ: "ಸಾವ್ಕಾರ್ರ, ಮಷಿನ್ ಛಲೋನೇ ಅದ. ಇಟ್ಟ ಜಾಗಾ ನೋಡ್ರಿ ಹ್ಯಾಂಗದ."

ಲ್ಯಾಪ್‌ಟಾಪ್ ಕೊಳ್ಳುವವರು ಜಾಹೀರಾತಿನ ಅಂಕಿಗಳಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದ್ದು ಅಂಗಡಿಯ ಮೇಜಿನಿಂದ. ಧೂಳು ಎಷ್ಟು, ಯಂತ್ರಕ್ಕೆ ಏನೇನು ಜೋಡಿಸಬೇಕು, ಯಾವ ಯಾವ ಭಾಷೆಯಲ್ಲಿ ಬರೆಯಬೇಕು? ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ವ್ಯಾಪಾರಿಗೆ ಈ ಮೂರನೆಯ ಪ್ರಶ್ನೆ ದೊಡ್ಡದು. 1956ರ ನವೆಂಬರ್ 1ರವರೆಗೆ ತಾಂಡೂರು ಗುಲಬರ್ಗಾ ಜಿಲ್ಲೆಯ ತಾಲೂಕು. ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯವು. ರಾಜ್ಯ ಪುನರ್ವಿಂಗಡಣೆಯಲ್ಲಿ ಇವು ಆಂಧ್ರಕ್ಕೆ ಸೇರಿದವು, ಈಗ ತೆಲಂಗಾಣದಲ್ಲಿವೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಬಜಾರಿನಲ್ಲಿ ದಖನಿ ಆಡುವವರು ಇಲ್ಲಿ ಬೇಕಾದಷ್ಟು.

ಹೀಗಾಗಿ ಕೌಂಟರಿನಲ್ಲಿ ಕೇಳಿಬರುವ ಪ್ರಶ್ನೆ: "ಇದ್ರಾಗ ಕನ್ನಡ ಬರ್ತದೇನ್ರಿ?" ಬರುತ್ತದೆ, ಯಾವ ಕಂಪನಿಯದಾದರೂ. ವಿಂಡೋಸ್‌ನಲ್ಲಿ ಇನ್‌ಸ್ಕ್ರಿಪ್ಟ್ ಕೀಲಿಮಣೆ ಮೊದಲೇ ಇದೆ, ಸೆಟ್ಟಿಂಗ್ಸ್‌ಗೆ ಹೋಗಿ ಭಾಷೆ ಸೇರಿಸಿಕೊಂಡರಾಯಿತು. ಈ ವಿನ್ಯಾಸದ ಗುಣವನ್ನು ಗಡಿಯವರು ಬಲ್ಲಷ್ಟು ಬೆಂಗಳೂರಿನವರು ಬಲ್ಲರೋ ಇಲ್ಲವೋ. ಇಂಗ್ಲಿಷಿನ 'ಕೆ' ಕೀಲಿ ಒತ್ತಿದರೆ ಕನ್ನಡದಲ್ಲಿ ಕ, ತೆಲುಗಿನಲ್ಲೂ ಕ, ಹಿಂದಿ ಮರಾಠಿಗಳಲ್ಲೂ ಕ. 'ಎಚ್' ಒತ್ತಿದರೆ ಎಲ್ಲದರಲ್ಲೂ ಪ. ಒಮ್ಮೆ ಬೆರಳಿಗೆ ಕೂತರೆ ನಾಲ್ಕು ಭಾಷೆ ಕೈಗೆ ಬಂದ ಹಾಗೆ. ಕೆ.ಪಿ. ರಾವ್ ವಿನ್ಯಾಸದ ಮೇಲೆ ನಿಂತ ನುಡಿ ಕನ್ನಡಕ್ಕೆ ಬಹಳ ಹಗುರ, ನನಗೂ ಪ್ರೀತಿಯದು. ಆದರೂ ಇಲ್ಲಿನ ಅಂಗಡಿಗೆ ನಾನು ಹೇಳುವುದು ಇನ್‌ಸ್ಕ್ರಿಪ್ಟನ್ನೇ. ಏನೇ ಬರೆದರೂ ಯೂನಿಕೋಡಿನಲ್ಲಿ ಬರೆಯಿರಿ. ಹಳೆಯ ಫಾಂಟಿನಲ್ಲಿಟ್ಟ ಉದ್ರಿ ಖಾತೆ ಆ ಫಾಂಟಿಲ್ಲದ ಇನ್ನೊಂದು ಯಂತ್ರದಲ್ಲಿ ತೆರೆದರೆ ಗಿರಾಕಿಯ ಹೆಸರೇ ಓದಲಾಗದು.

ಇನ್ನು ತಂತಿಗಳ ಮಾತು. ತೊಗರಿ ಕೊಳ್ಳುವ ಅಡತ್ ಅಂಗಡಿಗೆ ಕಾಟಾ ಇದೆ, ಬಿಲ್ ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇದೆ, ಪೆನ್‌ಡ್ರೈವಿನಂಥ ಡಿಜಿಟಲ್ ಸಹಿಯ ಟೋಕನ್ ಇದೆ. ತೆಳ್ಳಗಿನ ಹೊಸ ಲ್ಯಾಪ್‌ಟಾಪುಗಳಲ್ಲಿ ಕೆಲವಕ್ಕೆ ಬರೀ ಟೈಪ್-ಸಿ ಕಿಂಡಿ. ಹಳೆಯ ಅಗಲ ಯುಎಸ್‌ಬಿ ಕಿಂಡಿ ಎರಡಾದರೂ ಇರುವುದನ್ನೇ ಆರಿಸಿ. ವೇಬ್ರಿಜ್ಜಿನ ಮೀಟರು ಹಳೆಯ ಸೀರಿಯಲ್ ಕೇಬಲಿನದಾದರೆ ಪರಿವರ್ತಕವೂ ಬೇಕು. ಕೀಬೋರ್ಡಿನ ಬಲಕ್ಕೆ ಅಂಕಿಗಳ ಪಟ್ಟಿ ಇದೆಯೇ ನೋಡಿ. ಹದಿನಾಲ್ಕು ಇಂಚಿನವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, 15.6 ಇಂಚಿನ ಹಲವಕ್ಕೆ ಇರುತ್ತದೆ. ದಿನವಿಡೀ ಕ್ವಿಂಟಲ್, ದರ, ಮೊತ್ತ ಹೊಡೆಯುವ ಗುಮಾಸ್ತನ ಕೈಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಒಳಗಿನ ಸಾಮಾನು ಆರಿಸುವುದು ಕಷ್ಟವೇನಲ್ಲ. ಟ್ಯಾಲಿ, ಎಕ್ಸೆಲ್, ಬ್ರೌಸರ್ ಇಷ್ಟೇ ಆದರೆ ಇತ್ತೀಚಿನ ಐ3 ಅಥವಾ ರೈಜನ್ 3 ಸಾಕು. ಐ7ಗೆ ಸುರಿಯುವ ದುಡ್ಡನ್ನು 16 ಜಿಬಿ ರ‍್ಯಾಮಿಗೆ ಹಾಕಿ. 8 ಜಿಬಿಗಿಂತ ಕಡಿಮೆ ಬೇಡ. ಡಿಸ್ಕ್ ಎಸ್‌ಎಸ್‌ಡಿಯೇ ಇರಲಿ. ಪಾಲಿಶ್ ಯಂತ್ರ ನೆಲ ನಡುಗಿಸುವ ಜಾಗದಲ್ಲಿ, ಒಳಗೆ ತಿರುಗುವ ತಟ್ಟೆ ಇರುವ ಹಳೆಯ ಹಾರ್ಡ್‌ಡಿಸ್ಕಿನ ಮೇಲೆ ವರ್ಷದ ಲೆಕ್ಕ ಇಡುವುದು ತಪ್ಪು.

ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೋ ಬೆಂಗಳೂರಿನ ಎಸ್‌ಪಿ ರೋಡಿಗೋ ಹೋಗಿ ಸೆಕೆಂಡ್ ಹ್ಯಾಂಡ್ ತರುವವರಿದ್ದಾರೆ. ತರಬಹುದು. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದೆ. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಎಂಟನೆಯ ಪೀಳಿಗೆಯದಾದರೂ ಬೇಕು. ಅದಕ್ಕಿಂತ ಹಳೆಯದು ಎಷ್ಟು ಅಗ್ಗಕ್ಕೆ ಸಿಕ್ಕರೂ ಬ್ಯಾಂಕ್ ವ್ಯವಹಾರ ಮಾಡುವ ಅಂಗಡಿಗೆ ತರಬೇಡಿ.

ಹೆಚ್ಚಿನವರು ಮೋಸಹೋಗುವುದು ಬಿಲ್ಲಿನಲ್ಲಿ. ಜಹೀರಾಬಾದಿನವರಿಗೆ ಹೈದರಾಬಾದಿಗಿಂತ ಬೀದರ್ ಹತ್ತಿರ, ತಾಂಡೂರಿನವರಿಗೆ ಕಲಬುರಗಿ ರೈಲಿನ ದಾರಿ. ಅಲ್ಲಿ ಕೊಂಡರೆ ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕಿ ನೆನಪಿಡಿ: ತೆಲಂಗಾಣ 36, ಕರ್ನಾಟಕ 29. 40,000 ರೂಪಾಯಿಯ ಲ್ಯಾಪ್‌ಟಾಪಿಗೆ ಶೇ 18ರಂತೆ 7,200 ರೂಪಾಯಿ ತೆರಿಗೆ. ನಿಮ್ಮ 36ರ ಸಂಖ್ಯೆ ಬರೆಸಿ ಐಜಿಎಸ್‌ಟಿ ಬಿಲ್ ಮಾಡಿಸಿಕೊಂಡರೆ ಆ ಮೊತ್ತ ನಿಮ್ಮ ತೆರಿಗೆ ಲೆಕ್ಕಕ್ಕೆ ಜಮೆಯಾಗುತ್ತದೆ. ಕರ್ನಾಟಕದ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹಾಕಿಸಿಕೊಂಡು ಬಂದರೆ ತೆಲಂಗಾಣದ ನೋಂದಣಿಗೆ ಅದು ದಕ್ಕದು. ಕಾಂಪೊಸಿಷನ್ ಸ್ಕೀಮಿನವರಿಗೆ ಈ ಜಮೆ ಹೇಗೂ ಇಲ್ಲ. ದುಡ್ಡು ಕೊಡುವ ಮುಂಚೆ ಒಂದು ಮಾತು ಕೇಳಿ: ರಿಪೇರಿಯವರು ನಿಮ್ಮ ಪಿನ್‌ಕೋಡಿಗೆ ಬರುತ್ತಾರೋ, ಯಂತ್ರ ಹೊತ್ತು ನೀವೇ ಹೈದರಾಬಾದಿಗೆ ಹೋಗಬೇಕೋ?

ಆ ಫರಸಿ ಕಾರ್ಖಾನೆಯಲ್ಲಿ ಹೊಸ ಯಂತ್ರ ಕೊಳ್ಳಲಿಲ್ಲ. ಮೇಜನ್ನು ಗಾಜಿನ ಬಾಗಿಲಿನ ಕೋಣೆಗೆ ಸರಿಸಿದರು, ತಿಂಗಳಿಗೊಮ್ಮೆ ಫ್ಯಾನ್ ಒರೆಸುವ ಕೆಲಸ ರಿಪೇರಿ ಹುಡುಗನಿಗೆ ವಹಿಸಿದರು. ಮುಂದಿನ ಸಲ ಹೋದಾಗ ಮಾಲೀಕರ ಮಗಳು ಉದ್ರಿ ಪಟ್ಟಿ ಬರೆಯುತ್ತಿದ್ದಳು. ಚಿಂಚೋಳಿಯ ಗಿರಾಕಿಯ ಹೆಸರು ಕನ್ನಡದಲ್ಲಿ, ವಿಕಾರಾಬಾದಿನವರದು ತೆಲುಗಿನಲ್ಲಿ. ಅವಳು ಕೀಬೋರ್ಡಿನತ್ತ ನೋಡುತ್ತಲೂ ಇರಲಿಲ್ಲ.